ಬಾಣ ತಗುಲಿದ ವಾಲಿ ಮತ್ತು ಅವನ ಪ್ರಶ್ನೆಗೆ ಐದಾರು ಉತ್ತರಗಳು

ಬಾಣ ತಗುಲಿ ಬಿದ್ದ ವಾಲಿ ಕೇಳುತ್ತಾನೆ: ನಾನು ನಿನಗೇನು ಮಾಡಿದ್ದೆ? ನಿನ್ನ ಊರಿಗೆ ಬಂದಿದ್ದೆನೆ, ನಿನ್ನ ರಾಜ್ಯಕ್ಕೆ ಕೈ ಹಾಕಿದ್ದೆನೆ? ಬೇರೆಯವನೊಡನೆ ಹೋರಾಡುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆಯಲು ಯಾವ ಧರ್ಮ ಹೇಳಿತು?

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಕಾನಸೂರಿನಲ್ಲಿ, ಅದರ ಆಚೀಚೆಯ ಅಡಿಕೆ ತೋಟಗಳ ನಡುವಿನ ಊರುಗಳಲ್ಲಿ ಈ ಪ್ರಶ್ನೆಗೆ ಬಹಳ ವಯಸ್ಸಾಗಿದೆ. ಮಳೆಗಾಲದಲ್ಲಿ ಬಯಲಾಟದ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ಯಾರದೋ ಮನೆಯ ಜಗಲಿಯಲ್ಲಿ, ದೇವಸ್ಥಾನದ ಚಂದ್ರಶಾಲೆಯಲ್ಲಿ ತಾಳಮದ್ದಳೆ ಕೂಡುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಳೆ ನುಡಿಯುತ್ತದೆ, ಪಂಚೆ ಶಾಲಿನಲ್ಲಿ ಕುಳಿತ ಅರ್ಥಧಾರಿ ಆ ಪದ್ಯವನ್ನು ಹಿಡಿದು ಬರೆದಿಟ್ಟುಕೊಳ್ಳದ ಮಾತು ಬೆಳೆಸುತ್ತಾನೆ. ಎದುರು ಕುಳಿತವನು ಅದಕ್ಕೆ ಅಲ್ಲೇ ಉತ್ತರ ಕೊಡಬೇಕು. ಕವಳ ಮೆಲ್ಲುತ್ತ ಕೇಳುವವರಿಗೆ ಕತೆ ಮೊದಲೇ ಗೊತ್ತು. ವಾಲಿ ಸಾಯುತ್ತಾನೆ ಎಂಬುದರಲ್ಲಿ ಯಾರಿಗೂ ಕುತೂಹಲವಿಲ್ಲ. ಸಾಯುವ ಮೊದಲು ಏನು ಕೇಳುತ್ತಾನೆ, ರಾಮ ಅದಕ್ಕೆ ಏನು ಹೇಳುತ್ತಾನೆ ಎಂಬುದಕ್ಕಾಗಿ ಅವರು ನಿದ್ದೆ ಬಿಟ್ಟು ಕೂತಿರುತ್ತಾರೆ.

ಒಂದೇ ಕತೆಯನ್ನು ಬೇರೆ ಬೇರೆ ಸಾಹಿತ್ಯ ಪ್ರಕಾರಗಳಲ್ಲಿ ಹೇಗೆ ಓದಬೇಕು ಎಂಬುದು ಕಾಲೇಜಿನ ಪಾಠದ ಕೋಣೆಯ ಪ್ರಶ್ನೆ ಎಂದು ನಾವು ತಿಳಿದಿದ್ದೇವೆ. ಈ ಸೀಮೆಯಲ್ಲಿ ಅದು ಜಗಲಿಯ ಪ್ರಶ್ನೆ. ಇಲ್ಲಿನ ಕೇಳುಗ ಕಲಿತಿರುವ ಓದನ್ನು ಕಾದಂಬರಿಗೂ ಸಣ್ಣಕತೆಗೂ ಸಿನಿಮಾಕ್ಕೂ ತರಲು ಸಾಧ್ಯ, ಇಂದು ತರಲೇಬೇಕು ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ವಾಲಿಯ ಪ್ರಶ್ನೆಯನ್ನೇ ಹಿಡಿದು ಹೋಗೋಣ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ರಾಮ ಹಲವು ಉತ್ತರ ಕೊಡುತ್ತಾನೆ. ಈ ಭೂಮಿ ಇಕ್ಷ್ವಾಕುಗಳದು, ಭರತ ಆಳುತ್ತಿದ್ದಾನೆ, ಅವನ ಪರವಾಗಿ ಧರ್ಮ ತಪ್ಪಿದವರನ್ನು ಶಿಕ್ಷಿಸುವ ಅಧಿಕಾರ ನಮಗಿದೆ. ನೀನು ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ. ಸುಗ್ರೀವನಿಗೆ ನಾನು ಮಾತು ಕೊಟ್ಟಿದ್ದೇನೆ. ಕೊನೆಗೆ, ನೀನು ಶಾಖಾಮೃಗ. ಮೃಗಗಳನ್ನು ರಾಜರು ಮರೆಯಲ್ಲಿ ನಿಂತೂ ಬಲೆ ಒಡ್ಡಿಯೂ ಬೇಟೆಯಾಡುತ್ತಾರೆ. ಒಂದೊಂದನ್ನೇ ನೋಡಿದರೆ ಪ್ರತಿಯೊಂದಕ್ಕೂ ಬಲವಿದೆ. ಒಟ್ಟಿಗೆ ಇಟ್ಟರೆ ಎರಡನೆಯದೂ ಕೊನೆಯದೂ ಡಿಕ್ಕಿ ಹೊಡೆಯುತ್ತವೆ. ವಾಲಿ ಮೃಗವಾದರೆ ಅವನಿಗೆ ಅತ್ತಿಗೆ ನಾದಿನಿಯರ ಧರ್ಮ ಎಲ್ಲಿಂದ ಬಂತು? ಆ ಧರ್ಮ ಅವನಿಗೆ ಅನ್ವಯಿಸುತ್ತದೆ ಎಂದಾದರೆ ಅವನನ್ನು ಬೇಟೆಯಾಡುವುದು ಹೇಗೆ? ಮಹಾಕಾವ್ಯ ಈ ಬಿರುಕನ್ನು ಮುಚ್ಚುವುದಿಲ್ಲ, ಅಲ್ಲೇ ನಿಲ್ಲುವುದೂ ಇಲ್ಲ. ವಾಲಿ ಕೈಮುಗಿದು ರಾಮನ ಮಾತನ್ನು ಒಪ್ಪುತ್ತಾನೆ, ಮಗ ಅಂಗದನನ್ನು ಒಪ್ಪಿಸುತ್ತಾನೆ, ಹೆಂಡತಿ ತಾರೆಯ ಶೋಕ ಬರುತ್ತದೆ, ಮಳೆಗಾಲ ಬರುತ್ತದೆ, ಕತೆ ಮುಂದಕ್ಕೆ ಹರಿಯುತ್ತದೆ. ಅಷ್ಟು ದೊಡ್ಡ ಹರಿವಿನಲ್ಲಿ ಒಂದು ಪ್ರಶ್ನೆ ಉತ್ತರ ಪೂರ್ತಿಯಾಗದೆಯೇ ಉಳಿಯಬಹುದು.

ನಾಟಕಕ್ಕೆ ಆ ಅನುಕೂಲವಿಲ್ಲ. ರಂಗದ ಮೇಲೆ ನಾಯಕ ಕಣ್ಣೆದುರು ನಿಂತಿರುತ್ತಾನೆ. ಅವನು ಮರೆಯಿಂದ ಬಾಣ ಬಿಟ್ಟದ್ದನ್ನು ಸಭೆ ನೋಡಿಬಿಟ್ಟರೆ ಉಳಿದ ಅಂಕಗಳಲ್ಲಿ ಅವನನ್ನು ಧೀರೋದಾತ್ತ ಎಂದು ನಂಬಿಸುವುದು ಕಷ್ಟ. ಹತ್ತನೆಯ ಶತಮಾನದ ಧನಂಜಯ ತನ್ನ ‘ದಶರೂಪಕ’ದಲ್ಲಿ, ನಾಯಕನಿಗೂ ರಸಕ್ಕೂ ಒಗ್ಗದ್ದನ್ನು ನಾಟಕಕಾರ ಬಿಡಬೇಕು, ಇಲ್ಲವೆ ಬೇರೆ ರೀತಿ ಕಟ್ಟಬೇಕು ಎಂಬ ನಿಯಮ ಹೇಳಿದ. ಅದಕ್ಕೆ ವ್ಯಾಖ್ಯಾನ ಬರೆದ ಧನಿಕ ಕೊಟ್ಟ ಉದಾಹರಣೆ ಇದೇ ವಾಲಿವಧೆ. ಮಾಯುರಾಜ ‘ಉದಾತ್ತರಾಘವ’ದಲ್ಲಿ ಆ ಕಪಟದ ವಧೆಯನ್ನು ಕೈಬಿಟ್ಟ. ಭವಭೂತಿ ‘ಮಹಾವೀರಚರಿತ’ದಲ್ಲಿ ಅದನ್ನು ಬದಲಾಯಿಸಿದ: ಅಲ್ಲಿ ರಾವಣನ ಸ್ನೇಹಕ್ಕೆ ಕಟ್ಟುಬಿದ್ದ ವಾಲಿ ತಾನೇ ರಾಮನ ಮೇಲೆ ಬಂದು ಹೋರಾಡಿ ಮಡಿಯುತ್ತಾನೆ. ಸಾವಿರ ವರ್ಷಗಳಿಗೂ ಹಿಂದೆ ನಮ್ಮ ಕವಿಗಳು, ಪಂಡಿತರು ಒಂದು ಪವಿತ್ರ ಕತೆಯ ಒಂದು ಘಟನೆಯನ್ನೇ ತೆಗೆಯಬಹುದು, ತಿರುಗಿಸಬಹುದು ಎಂದು ನಿರಾತಂಕವಾಗಿ ಬರೆದಿಟ್ಟಿದ್ದಾರೆ ಎಂಬುದನ್ನು ನಾವು ಮರೆತಿದ್ದೇವೆ. ಯಾರೂ ಅವರನ್ನು ರಾಮಾಯಣ ಕೆಡಿಸಿದವರು ಎನ್ನಲಿಲ್ಲ. ನಾಟಕಕ್ಕೆ ನಾಟಕದ ನ್ಯಾಯ ಎಂದರು.

ಕನ್ನಡಕ್ಕೆ ಬಂದರೆ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ ಇದೆ. ಜೈನ ಪುರಾಣದ ದಾರಿಯಲ್ಲಿ ನಡೆಯುವ ಈ ಚಂಪೂಕಾವ್ಯದಲ್ಲಿ ವಾಲಿ ವೈರಾಗ್ಯದಿಂದ ರಾಜ್ಯವನ್ನು ಸುಗ್ರೀವನಿಗೆ ಬಿಟ್ಟು ದೀಕ್ಷೆ ಹಿಡಿಯುತ್ತಾನೆ. ರಾಮನ ಬಾಣಕ್ಕೆ ಅಲ್ಲಿ ಕೆಲಸವೇ ಇಲ್ಲ. ರಾವಣನನ್ನು ಕೊಲ್ಲುವವನೂ ಲಕ್ಷ್ಮಣ. ರಾಮ ಆ ಜನ್ಮದಲ್ಲೇ ಮುಕ್ತಿಗೆ ಹೋಗಬೇಕಾದ ಜೀವ, ಅವನ ಕೈಯಿಂದ ಆ ವಧೆ ಆಗಕೂಡದು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಹಿಡಿದ ದಾರಿ ಇನ್ನೊಂದು. ಅವರು ಘಟನೆಯನ್ನು ಉಳಿಸಿಕೊಂಡರು, ವಾದವನ್ನು ಇಳಿಸಿದರು. ಅವರ ರಾಮ ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುತ್ತಾನೆ. ಸೀತೆಯ ಜೊತೆಗೆ ತಾನೂ ಬೆಂಕಿಗೆ ಇಳಿಯುವ ರಾಮನಿಗೆ ವಾಲಿಯೆದುರು ತಲೆ ತಗ್ಗಿಸುವುದು ಸಹಜ. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಕಾವ್ಯದಲ್ಲಿ ಘಟನೆಗಳು ನಡೆಯುವುದು ಹೊರಗಿನ ಕಾಡಿನಲ್ಲಷ್ಟೇ ಅಲ್ಲ, ಚೇತನದೊಳಗೆ ಕೂಡ.

ಈಗ ತಾಳಮದ್ದಳೆಗೆ ಮರಳೋಣ. ದಶರೂಪಕದ ನಿಯಮದಂತೆ ಬಿಟ್ಟುಬಿಡಬೇಕಾದ ಜಾಗದಲ್ಲೇ ತಾಳಮದ್ದಳೆ ಚಾಪೆ ಹಾಸಿಕೊಂಡು ಕೂರುತ್ತದೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದ ರಾಮಾಯಣದ ಪ್ರಸಂಗಗಳಲ್ಲಿ ಈ ಭಾಗಕ್ಕೆ ಇರುವುದು ಕೆಲವೇ ಪದ್ಯ. ಅಷ್ಟರ ಮೇಲೆ ಇಬ್ಬರು ಅರ್ಥಧಾರಿಗಳು ಗಂಟೆಗಟ್ಟಲೆ ಮಾತು ಕಟ್ಟುತ್ತಾರೆ. ವಾಲ್ಮೀಕಿ ದಾಟಿ ಹೋದ ಬಿರುಕಿಗೆ ಕೈಯಿಟ್ಟು ಅಗಲಿಸುವುದೇ ಇಲ್ಲಿನ ಕಲೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕರಾವಳಿಯೂ ಘಟ್ಟದ ಮೇಲಿನವರೂ ಇಂದಿಗೂ ನೆನೆಯುವುದು ಆ ಕಾರಣಕ್ಕೆ. ಅವರ ವಾಲಿ ಗೆಲ್ಲುವಂತೆ ಕಾಣುತ್ತಿದ್ದಾಗಲೂ ಪ್ರಸಂಗ ಮುಗಿಯುವುದು ರಾಮನ ಪಕ್ಷದಲ್ಲೇ; ಕೇಳುಗನಿಗೆ ಎರಡೂ ಬೇಕಾಗಿತ್ತು.

ಒಂದೇ ಕತೆಗೆ ಪ್ರಕಾರಕ್ಕೊಂದು ನ್ಯಾಯ ಎಂಬುದನ್ನು ನಮ್ಮ ತೋಟದ ಅಡಿಕೆ ಸುಲಭವಾಗಿ ತೋರಿಸುತ್ತದೆ. ಅದೇ ಮರದ ಕಾಯಿ ಎಳೆಯದಾಗಿರುವಾಗ ಕೊಯ್ದು ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆ, ಹಣ್ಣಾಗಲು ಬಿಟ್ಟು ಸಿಪ್ಪೆಸಹಿತ ಬಿಸಿಲಿಗೆ ಹಾಕಿ ಆಮೇಲೆ ಸುಲಿದರೆ ಚಾಲಿ. ಶಿರಸಿಯ ಮಾರುಕಟ್ಟೆಯಲ್ಲಿ ಎರಡಕ್ಕೂ ಬೇರೆ ರಾಶಿ, ಬೇರೆ ದರ, ಬೇರೆ ಗಿರಾಕಿ. ಚಾಲಿ ಕೆಂಪಗಿಲ್ಲ ಎಂದು ಯಾರೂ ತಕರಾರು ತೆಗೆಯುವುದಿಲ್ಲ. ಸಾಹಿತ್ಯದಲ್ಲಿ ಮಾತ್ರ ನಾವು ದಿನವೂ ಆ ತಕರಾರು ತೆಗೆಯುತ್ತಿದ್ದೇವೆ: ಕಾದಂಬರಿಯಲ್ಲಿ ಪುರಾಣವಿಲ್ಲ, ಪುರಾಣದಲ್ಲಿ ಇತಿಹಾಸವಿಲ್ಲ, ಸಣ್ಣಕತೆಯಲ್ಲಿ ನೀತಿಯಿಲ್ಲ, ಸಿನಿಮಾದಲ್ಲಿ ಕಾದಂಬರಿಯಿಲ್ಲ.

ತಾಳಮದ್ದಳೆಯ ಕೇಳುಗ ಪಾಲಿಸುವ ಕೆಲವು ನಿಯಮಗಳನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಮುರಿದರೆ ಅವನಿಗೆ ತಕ್ಷಣ ಗೊತ್ತಾಗುತ್ತದೆ. ಮೊದಲನೆಯದು, ಪಾತ್ರಕ್ಕೆ ಆ ಹೊತ್ತಿನಲ್ಲಿ ಎಷ್ಟು ಗೊತ್ತಿರಬಹುದೋ ಅಷ್ಟೇ ಅದು ಮಾತಾಡಬೇಕು. ಸಾಯುತ್ತಿರುವ ವಾಲಿ ಮುಂದೆ ಸೀತೆಯನ್ನು ಕಾಡಿಗೆ ಕಳಿಸುವ ವಿಷಯ ಎತ್ತಿ ರಾಮನನ್ನು ಚುಚ್ಚುವಂತಿಲ್ಲ. ವಾದಕ್ಕೆ ಅದು ಎಷ್ಟೇ ಹರಿತವಾಗಿರಲಿ, ಅವನ ಕಾಲಕ್ಕೆ ಅದು ನಡೆದಿಲ್ಲ. ಇನ್ನು ಮಾತು ಪದ್ಯವನ್ನು ಬಿಟ್ಟು ಓಡಬಾರದು. ಕೂಟ ಮುಗಿದ ಮೇಲೆ ಅಂಗಳದಲ್ಲಿ ಚಪ್ಪಲಿ ಹುಡುಕುತ್ತ ಹಿರಿಯರು, “ಮಾತು ಚೊಲೋ ಇತ್ತು, ಆದ್ರೆ ಪದ್ಯ ಬಿಟ್ಟು ಹೋತು” ಎಂದರೆ ಅದು ಕಟುವಾದ ವಿಮರ್ಶೆ. ಕವಿ ಬರೆದದ್ದರಿಂದ ಹುಟ್ಟದ ವ್ಯಾಖ್ಯಾನ ಎಷ್ಟು ಚೆಂದವಾದರೂ ವ್ಯಾಖ್ಯಾನವಲ್ಲ ಎಂದು ಅವರು ಹೇಳುತ್ತಿದ್ದಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮತ್ತೊಂದು. ಇಂದು ದುರ್ಯೋಧನನ ಅರ್ಥ ಹೇಳಿ ಪಾಂಡವರಿಗೆ ಸೂಜಿಮೊನೆಯಷ್ಟು ನೆಲವನ್ನೂ ಕೊಡದವರು ಮುಂದಿನ ವಾರ ಇನ್ನೊಂದೂರಿನಲ್ಲಿ ಸಂಧಾನಕ್ಕೆ ಬಂದ ಕೃಷ್ಣ. ಯಾರೂ ಅವರನ್ನು ಮಾತು ಬದಲಿಸಿದವರು ಎನ್ನುವುದಿಲ್ಲ. ದುರ್ಯೋಧನನ ಮಾತು ದುರ್ಯೋಧನನದು. ಹೇಳಿದವರ ಸ್ವಂತ ಅಭಿಪ್ರಾಯ ಏನು ಎಂದು ಆ ಸಭೆ ಕೇಳಿಯೇ ಇಲ್ಲ. ಅದೇ ಸಭೆಯವರು ಮನೆಗೆ ಬಂದು ಮೊಬೈಲ್ ತೆರೆದಾಗ ಯಾವುದೋ ಕಾದಂಬರಿಯ ಒಂದು ಪಾತ್ರದ ನಾಲ್ಕು ಸಾಲು ಕಾಣುತ್ತದೆ, ಮೇಲೆ ಲೇಖಕರ ಫೋಟೊ ಇರುತ್ತದೆ, ಕೆಳಗೆ ಬೈಗುಳ ಇರುತ್ತದೆ. ಜಗಲಿಯಲ್ಲಿ ಅಷ್ಟು ಸೂಕ್ಷ್ಮವಾಗಿದ್ದ ಕಿವಿ ಅಲ್ಲಿ ಯಾಕೆ ಕೆಲಸ ಮಾಡುವುದಿಲ್ಲ ಎಂಬುದು ನನ್ನನ್ನು ನಿಜವಾಗಿಯೂ ನೋಯಿಸುವ ಸಂಗತಿ.

ಈ ಕಿವಿಯನ್ನು ಶಾಸ್ತ್ರದಿಂದಲೂ ತಿದ್ದಿದವರು ಇದೇ ಸೀಮೆಯಲ್ಲಿ ಇದ್ದಾರೆ. ಸಿದ್ದಾಪುರದ ಕಡೆಯ ದಂಟ್ಕಲ್‌ನ ಡಾ. ಎಂ. ಎ. ಹೆಗಡೆಯವರು ಸಂಸ್ಕೃತದ ಪ್ರಾಧ್ಯಾಪಕರು, ಅಲಂಕಾರಶಾಸ್ತ್ರ ಬಲ್ಲವರು, ಅರ್ಥಧಾರಿ, ಪ್ರಸಂಗಕರ್ತ ಎಲ್ಲವೂ ಆಗಿದ್ದರು. ಕರ್ನಾಟಕ ಯಕ್ಷಗಾನ ಅಕಾಡೆಮಿಯ ಅಧ್ಯಕ್ಷರಾಗಿದ್ದಾಗಲೇ 2021ರ ಕೋವಿಡ್ ಅಲೆ ಅವರನ್ನು ಕರೆದೊಯ್ದಿತು. ಕೆರೇಕೈ ಮನೆತನದ ಕೃಷ್ಣ ಭಟ್ಟರು, ಅವರ ಮಗ ವಿದ್ವಾನ್ ಉಮಾಕಾಂತ ಭಟ್ಟರು ಶಾಸ್ತ್ರದ ಪಾಂಡಿತ್ಯವನ್ನು ಜಗಲಿಯ ಮಾತಿಗೆ ಇಳಿಸಿದವರು. ದೊಡ್ಡ ಗ್ರಂಥದ ಜ್ಞಾನ ಹಳ್ಳಿಯ ರಾತ್ರಿಯೊಂದರಲ್ಲಿ ಎದುರಾಳಿಯ ಪ್ರಶ್ನೆಗೆ ಕ್ಷಣದಲ್ಲಿ ಸಿಗಬೇಕಾಗುತ್ತದೆ. ವಿಮರ್ಶೆಗೆ ಇದಕ್ಕಿಂತ ಕಠಿಣ ಪರೀಕ್ಷೆ ನನಗೆ ತಿಳಿದಂತೆ ಬೇರೆಲ್ಲೂ ಇಲ್ಲ. ಈಗ ಮಹಿಳೆಯರ ತಾಳಮದ್ದಳೆಗಳೂ ಹೆಚ್ಚುತ್ತಿವೆ. ಎರಡನೆಯ ಸಲ ಸುಗ್ರೀವ ಕೂಗಿದಾಗ ಅವನ ಬೆನ್ನಿಗೆ ಯಾರೋ ಇದ್ದಾರೆಂದು ತಾರೆ ವಾಲಿಯನ್ನು ತಡೆಯುತ್ತಾಳಲ್ಲ, ಆ ತಾರೆಯ ಮಾತಿಗೆ ಇನ್ನೂ ಎಷ್ಟು ಆಳವಿದೆ ಎಂದು ಇವರಿಂದ ತಿಳಿಯಬೇಕಾಗಿದೆ.

ಈ ಊರುಗಳ ಕತೆಯಲ್ಲಿ ಶಿರಸಿಯ ಒಬ್ಬ ಹುಡುಗನೂ ಬರುತ್ತಾನೆ. 1940ರ ದಶಕದಲ್ಲಿ ಸರ್ಕಾರಿ ವೈದ್ಯರಾಗಿದ್ದ ತಂದೆಯೊಡನೆ ಶಿರಸಿಯಲ್ಲಿದ್ದ ಗಿರೀಶ ಕಾರ್ನಾಡರು ಹೆತ್ತವರ ಜೊತೆ ಪೆಟ್ರೋಮ್ಯಾಕ್ಸ್ ಬೆಳಕಿನ ಕಂಪನಿ ನಾಟಕ ನೋಡಿದರು, ಮನೆಗೆಲಸದವರ ಜೊತೆ ಪಂಜಿನ ಬೆಳಕಿನ ಯಕ್ಷಗಾನ ನೋಡಿದರು. ಒಂದೇ ಊರಿನಲ್ಲಿ ಎರಡು ರಂಗಭೂಮಿ, ಎರಡು ನಿಯಮ. ಮುಂದೆ 1971ರಲ್ಲಿ ಅವರು ಪ್ರಕಟಿಸಿದ ‘ಹಯವದನ’ ಕತೆ ಪ್ರಕಾರದಿಂದ ಪ್ರಕಾರಕ್ಕೆ ಹಾರುವಾಗ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿರುವ ಅತ್ಯುತ್ತಮ ಉದಾಹರಣೆ.

ಮೂಲ ‘ಕಥಾಸರಿತ್ಸಾಗರ’ದ ಬೇತಾಳನದು. ದೇವಿಯ ಗುಡಿಯಲ್ಲಿ ತಲೆ ಕತ್ತರಿಸಿಕೊಂಡವರು ಮದನಸುಂದರಿಯ ಗಂಡ ಮತ್ತು ಅವಳ ಸೋದರ. ಅವಳು ಅವಸರದಲ್ಲಿ ತಲೆಗಳನ್ನು ಅದಲು ಬದಲು ಜೋಡಿಸುತ್ತಾಳೆ. ಯಾರು ಗಂಡ? ರಾಜನ ಉತ್ತರ: ಗಂಡನ ತಲೆ ಯಾರ ಮೇಲಿದೆಯೋ ಅವನು, ಅಂಗಗಳಲ್ಲಿ ತಲೆಯೇ ಶ್ರೇಷ್ಠ. ಅಲ್ಲಿಗೆ ಕತೆ ಮುಗಿಯಿತು, ಬೇತಾಳ ಮತ್ತೆ ಮರಕ್ಕೆ ಹಾರಿತು. ಅದು ಒಗಟು. ಒಗಟಿಗೆ ಉತ್ತರ ಸಿಕ್ಕ ಮೇಲೆ ಆ ಹೆಣ್ಣು ಮನೆಗೆ ಹೋಗಿ ಹೇಗೆ ಬಾಳಿದಳು ಎಂದು ಕೇಳುವುದು ಆ ಪ್ರಕಾರಕ್ಕೆ ಒಗ್ಗದ ಪ್ರಶ್ನೆ. ಜರ್ಮನಿಯ ಥಾಮಸ್ ಮಾನ್ 1940ರಲ್ಲಿ ಇದನ್ನು ಕಿರು ಕಾದಂಬರಿ ಮಾಡುವಾಗ ಗಂಡ ಮತ್ತು ಅವನ ಗೆಳೆಯನನ್ನು ತಂದ. ತಲೆ ಮತ್ತು ದೇಹದ ಬಗೆಗಿನ ವಿಚಾರ ಅಲ್ಲಿ ನಗುನಗುತ್ತ ಬೆಳೆಯಿತು. ಕಾರ್ನಾಡರ ನಾಟಕ ಕಾವು ಪಡೆಯುವುದು ಉತ್ತರ ಸಿಕ್ಕ ಮೇಲೆ. ಗಂಡ ದೇವದತ್ತನ ತಲೆಯ ಕೆಳಗೆ ಗೆಳೆಯ ಕಪಿಲನ ಮೈ ನಿಧಾನವಾಗಿ ಮತ್ತೆ ಮೆತ್ತಗಾಗುವುದನ್ನು ಹೆಂಡತಿ ಪದ್ಮಿನಿ ನೋಡುತ್ತ ಕೂರಬೇಕು, ಪ್ರೇಕ್ಷಕನೂ ನೋಡಬೇಕು. ಮೈಯನ್ನು ರಂಗದ ಮೇಲೆ ನಿಲ್ಲಿಸುವ ಪ್ರಕಾರಕ್ಕೆ ಮಾತ್ರ ಈ ಸಂಕಟ ದಕ್ಕುತ್ತದೆ. ಇದೆಲ್ಲವನ್ನೂ ನಡೆಸುವವನು ಒಬ್ಬ ಭಾಗವತ.

ಕಾದಂಬರಿ ಕಾರಣ ಕೇಳುತ್ತದೆ. 1979ರಲ್ಲಿ ಬಂದ ಎಸ್. ಎಲ್. ಭೈರಪ್ಪನವರ ‘ಪರ್ವ’ದಲ್ಲಿ ಶಾಪ, ವರ, ದಿವ್ಯಾಸ್ತ್ರಗಳ ಜಾಗಕ್ಕೆ ನಿಯೋಗದ ಪದ್ಧತಿ, ಮುಪ್ಪು, ದಾರಿಯ ದೂರ, ಸೈನ್ಯದ ಊಟ, ಹೆಣಗಳ ನಾತ ಬಂದವು. ಅದನ್ನು ಪುರಾಣ ಎಂದು ಓದಿ ನೊಂದವರಿದ್ದಾರೆ, ‘ನಿಜವಾದ’ ಮಹಾಭಾರತ ಎಂದು ಓದಿ ಹಿಗ್ಗಿದವರೂ ಇದ್ದಾರೆ. ಇಬ್ಬರೂ ಅದು ಕಾದಂಬರಿ ಎಂಬುದನ್ನು ಬದಿಗಿಟ್ಟರು. ವ್ಯಾಸನಲ್ಲಿ ಸೂರ್ಯ ಕುಂತಿಯ ಬಳಿಗೆ ಬರುವುದು ಕಾದಂಬರಿಯ ಸೂರ್ಯ ಬಾರದಿರುವಷ್ಟೇ ನಿಜ.

ಇನ್ನೂ ದೊಡ್ಡ ತಪ್ಪು ಓದು ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ಕ್ಕೆ ಆಯಿತು. 1965ರ ಈ ಮಲೆನಾಡಿನ ಕಾದಂಬರಿಯ ಅಗ್ರಹಾರದ ಹೆಸರು ದೂರ್ವಾಸಪುರ. ಹೆಣ, ಪ್ಲೇಗು, ಕಾಡು, ಜಾತ್ರೆ ಒಂದೊಂದೂ ರೂಪಕದ ಭಾರ ಹೊತ್ತಿವೆ. ಕೆಲವರು ಅದನ್ನು ಒಂದು ಸಮುದಾಯದ ಮೇಲಿನ ಆರೋಪಪಟ್ಟಿ ಎಂದು ಓದಿದರು. 1970ರ ಸಿನಿಮಾಕ್ಕೆ ಸೆನ್ಸಾರ್ ಮೊದಲು ಅಡ್ಡಬಂತು, ಆಮೇಲೆ ಅದೇ ಚಿತ್ರಕ್ಕೆ ರಾಷ್ಟ್ರೀಯ ಪ್ರಶಸ್ತಿ ಬಂತು. 1976ರಲ್ಲಿ ಎ. ಕೆ. ರಾಮಾನುಜನ್ ಅದನ್ನು ಇಂಗ್ಲಿಷಿಗೆ ತಂದ ಮೇಲೆ ವಿ. ಎಸ್. ನೈಪಾಲ್ ಭಾರತದ ಬಗೆಗಿನ ತಮ್ಮ ಪುಸ್ತಕದಲ್ಲಿ ಕಾದಂಬರಿಯ ನಾಯಕ ಪ್ರಾಣೇಶಾಚಾರ್ಯನನ್ನು ಹಿಂದೂ ಮನಸ್ಸಿನ ಸಾಕ್ಷಿಯಾಗಿ ನಿಲ್ಲಿಸಿದರು. ಊರಿನ ಸಂಪ್ರದಾಯಸ್ಥನೂ ದೂರದ ದೊಡ್ಡ ಲೇಖಕನೂ ಮಾಡಿದ್ದು ಒಂದೇ ಕೆಲಸ: ರೂಪಕವನ್ನು ವರದಿ ಎಂದು ಓದಿದರು. ತಾಳಮದ್ದಳೆಯ ಸಭೆಯಲ್ಲಿ ಆಗಿದ್ದರೆ ಇಬ್ಬರಿಗೂ ಪದ್ಯ ಬಿಟ್ಟು ಹೋಯಿತು ಎಂಬ ಮಾತು ಕೇಳಬೇಕಾಗುತ್ತಿತ್ತು.

ಹಾಗೆಂದು ಜಗಲಿಯ ಕಿವಿ ಎಲ್ಲೆಡೆ ಸಾಲುತ್ತದೆ ಎಂದಲ್ಲ. ಅದರ ಬಲವೇ ಒಂದು ಕಡೆ ಅಡ್ಡ ಬರುತ್ತದೆ. ಮಾತಾಡದೆ ಉಳಿದದ್ದನ್ನು ಮಾತಾಡಿಸುವುದು ತಾಳಮದ್ದಳೆಯ ಸ್ವಭಾವ. ಸಣ್ಣಕತೆ, ಕಿರು ಕಾದಂಬರಿಗಳು ಮಾತಾಡದೆ ಉಳಿಸುವುದರಿಂದಲೇ ಬದುಕುತ್ತವೆ. ಘಟ್ಟದ ಕೆಳಗಿನ ನಮ್ಮದೇ ಜಿಲ್ಲೆಯ ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ, ವಿವೇಕ ಶಾನಭಾಗ ಈ ಮೌನವನ್ನು ಮೂರು ಬಗೆಯಲ್ಲಿ ಬಳಸಿದವರು. ಶಾನಭಾಗರ ‘ಘಾಚರ್ ಘೋಚರ್’ (2013) ನೋಡಿ. ಕಾಫಿಹೌಸಿನಲ್ಲಿ ಕುಳಿತು ತನ್ನ ಮನೆಯ ಕತೆ ಹೇಳುವ ನಿರೂಪಕ ಸಭ್ಯ, ಮೃದು, ನಂಬಬೇಕೆನಿಸುವವನು. ದುಡ್ಡು ಬಂದ ಮೇಲೆ ಮನೆಯವರೆಲ್ಲ ಒಟ್ಟಾಗಿ ಯಾರನ್ನು ಒಳಗೆ ಬಿಡುತ್ತಾರೆ, ಯಾರನ್ನು ಹೊರಗಿಡುತ್ತಾರೆ ಎಂಬುದನ್ನು ಅವನು ಹೇಳುತ್ತ ಹೋಗುತ್ತಾನೆ. ಎದುರಾಡಿದ ಹೆಂಡತಿ ಅನಿತಾಳಿಗೆ ಏನಾಯಿತು ಎಂದು ಹೇಳುವುದಿಲ್ಲ. ಅವನಿಗೆ ಗೊತ್ತಿಲ್ಲವೋ, ಗೊತ್ತಾಗಬಾರದು ಎಂದುಕೊಂಡಿದ್ದಾನೋ ಎಂಬ ಅನುಮಾನದಲ್ಲಿ ಓದುಗನ ಕೈ ನಡುಗುತ್ತದೆ. ಇಲ್ಲಿ ಪಾತ್ರಕ್ಕೆ ಎಷ್ಟು ಗೊತ್ತು ಎಂಬ ಜಗಲಿಯ ಪ್ರಶ್ನೆ ತುಂಬ ಉಪಯೋಗಕ್ಕೆ ಬರುತ್ತದೆ. ಆದರೆ ಅನಿತಾಳ ಪರವಾಗಿ ಯಾರಾದರೂ ಕುಳಿತು ಒಂದು ಗಂಟೆ ಅರ್ಥ ಹೇಳಿದರೆ ಆ ಪುಸ್ತಕ ಅಲ್ಲಿಗೆ ಕೆಟ್ಟಿತು. ವಾಲಿಗೆ ಮಾತು ಕೊಟ್ಟಿದ್ದು ಒಂದು ಪ್ರಕಾರದ ನ್ಯಾಯ. ಅನಿತಾಳ ಮಾತನ್ನು ನಮಗೆ ಕೇಳಿಸದೆ, ಆ ಕೇಳಿಸದಿರುವಿಕೆಯ ಹೊಣೆಯನ್ನು ನಮ್ಮ ಮೇಲೇ ಹೊರಿಸುವುದು ಇನ್ನೊಂದು ಪ್ರಕಾರದ ನ್ಯಾಯ.

ಶಾಲೆಯಲ್ಲಿ ಪ್ರಕಾರಕ್ಕೆ ತಕ್ಕ ಈ ಓದನ್ನು ಕಲಿಸಲು ದೊಡ್ಡ ವ್ಯವಸ್ಥೆ ಬೇಕಿಲ್ಲ. ಈಗ ಪದ್ಯವಾಗಲಿ ಕತೆಯಾಗಲಿ ನಾಟಕವಾಗಲಿ ಕೊನೆಗೆ ಬರುವ ಪ್ರಶ್ನೆ ಒಂದೇ: ಸಾರಾಂಶ ಬರೆಯಿರಿ. ಸಾರಾಂಶದಲ್ಲಿ ಭವಭೂತಿಯ ವಾಲಿಯೂ ಕುವೆಂಪು ವಾಲಿಯೂ ಸತ್ತರು ಎಂಬ ಒಂದೇ ವಾಕ್ಯವಾಗುತ್ತಾರೆ. ಕಾನಸೂರಿನಂಥ ಊರಿನ ಪ್ರೌಢಶಾಲೆಯ ಮಕ್ಕಳಿಗೆ ಮನೆಯಲ್ಲೇ ಅರ್ಥ ಹೇಳುವ ಅಜ್ಜನೋ ದೊಡ್ಡಪ್ಪನೋ ಅತ್ತೆಯೋ ಸಿಗುತ್ತಾರೆ. ಒಂದು ಮಳೆಗಾಲದ ಶನಿವಾರ ಅವರನ್ನು ಶಾಲೆಗೆ ಕರೆದು ವಾಲಿವಧೆಯ ಒಂದು ಪದ್ಯಕ್ಕೆ ಅರ್ಥ ಹೇಳಿಸಲಿ. ಮರುವಾರ ಅದೇ ಘಟನೆಯನ್ನು ಕುವೆಂಪು ಕಾವ್ಯದಿಂದ ಗಮಕದಲ್ಲಿ ಓದಿಸಲಿ. ಅದರ ಮುಂದಿನ ವಾರ ಮಕ್ಕಳೇ ಅದನ್ನು ಎರಡು ಪುಟದ ಸಣ್ಣಕತೆಯಾಗಿ ಬರೆಯಲಿ, ಮರದ ಮರೆಯಲ್ಲಿ ನಿಂತಿದ್ದ ಲಕ್ಷ್ಮಣನೋ ಗುಹೆಯೊಳಗಿಂದ ಕೇಳಿಸಿಕೊಂಡ ಅಂಗದನೋ ಹೇಳುವಂತೆ. ಆಗ ಮೇಷ್ಟ್ರು ಕೇಳಬೇಕಾದದ್ದು ಇಷ್ಟೇ: ಅರ್ಥದಲ್ಲಿ ಇದ್ದ ಯಾವ ಮಾತನ್ನು ನಿನ್ನ ಕತೆಯಲ್ಲಿ ಬಿಟ್ಟೆ, ಯಾಕೆ ಬಿಟ್ಟೆ?